ಮೂರನೆಯ ಗಾಲಿಯ ಲಿಂಬೆಹಣ್ಣಿನ ಕುರಿತು ವಿಮಾನ ಕಂಪನಿಗೆ ಅರಿಕೆ

ಮಾನ್ಯರೇ,

ಮೋಡಗಳಿಗಿಂತ ಮೇಲೆ ಕಾರುಬಾರು ನಡೆಸುವ ವಿಮಾನ ಕಂಪನಿಯ ಮ್ಯಾನೇಜರ್ ಸಾಹೇಬರಾದ ತಮಗೆ, ನೆಲದ ಮೇಲೆಯೇ ಉಳಿದುಹೋದ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಗುರುಶಿದ್ದಪ್ಪನ ಅನಂತ ನಮಸ್ಕಾರಗಳು. ತಾವೂ ತಮ್ಮ ಹೊಸ ಮಾದರಿಯ ವಿಮಾನವೂ ಕ್ಷೇಮವೆಂದು ಬಲ್ಲೆ. ಆ ಕ್ಷೇಮದಲ್ಲಿ ನನ್ನದೂ ಎರಡು ಲಿಂಬೆಹಣ್ಣಿನಷ್ಟು ಪಾಲಿದೆ ಎಂದು ಈ ಪತ್ರಿಕೆಯ ಮೂಲಕ ಬಹಿರಂಗವಾಗಿ ಅರಿಕೆ ಮಾಡಿಕೊಳ್ಳಲು ಈ ಪತ್ರ.

ಮುಂಬಯಿಯಲ್ಲಿರುವ ನಮ್ಮ ಮಗಳು ಕಸ್ತೂರಿ ಗಂಡುಮಗು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ನಾನೇ ಮುಂದೆ ನಿಂತು ಕೂಸಿಗೆ ನಮ್ಮಪ್ಪ ಮಹಾದೇವಪ್ಪನ ಹೆಸರು ಇಡಿಸಬೇಕೆಂಬುದು ನನ್ನ ಜೀವದ ಆಸೆ. ಹತ್ತಿಯ ಸುಗ್ಗಿಯಲ್ಲಿ ಅಂಗಡಿ ಬಿಟ್ಟು ಹೊರಡುವುದು ತಡವಾಯಿತು, ರೈಲು ನಂಬಿದರೆ ಹೊತ್ತಿಗೆ ಮುಟ್ಟುವಂತಿರಲಿಲ್ಲ. ಆಗ ತಮ್ಮ ಜಾಹೀರಾತು ಕಣ್ಣಿಗೆ ಬಿತ್ತು. ಹೊಸ ವಿಮಾನದಲ್ಲಿ ಭಯಕ್ಕೆ ಆಸ್ಪದವೇ ಇಲ್ಲವಂತೆ. ಪರದೇಶದ ಪಂಡಿತರು ಅದನ್ನು ಬಿಸಿಲಲ್ಲಿ, ಹಿಮದಲ್ಲಿ, ಬಿರುಗಾಳಿಯಲ್ಲಿ ಹಾರಿಸಿ ಪರೀಕ್ಷೆ ಮಾಡಿದ್ದಾರಂತೆ. ಇಷ್ಟೆಲ್ಲ ಮಾಡಿದ ಪಂಡಿತರು ಗಾಲಿಗೆ ಲಿಂಬೆಹಣ್ಣು ಇಟ್ಟಿದ್ದಾರೆಯೇ ಎಂದು ತಮ್ಮ ಕಚೇರಿಯಲ್ಲಿ ವಿನಯದಿಂದಲೇ ವಿಚಾರಿಸಿದೆ. ಟಿಕೆಟು ಕೊಡುವ ಮಹಾಶಯರು, ಕುಡಿಯಲು ನೀರು ಬೇಕೇ ಎಂದು ಕೇಳಿದರು.

ಸಾಹೇಬರೇ, ನಮ್ಮ ಹುಬ್ಬಳ್ಳಿಯಲ್ಲಿ ಹೊಸ ಲಾರಿಯಿರಲಿ, ಹೊಸ ಸೈಕಲ್ಲನ್ನು ಕೂಡ ಗಾಲಿಯಡಿ ಲಿಂಬೆಹಣ್ಣು ಒಡೆಯುವ ತನಕ ಯಾರೂ ಹತ್ತುವುದಿಲ್ಲ. ನೆಲದ ಮೇಲೆ ಓಡುವ ಸೈಕಲ್ಲಿಗೇ ಎರಡು ಹಣ್ಣು ಬೇಕಾದರೆ, ನೆಲವನ್ನೇ ಬಿಟ್ಟು ಹೋಗುವ ವಾಹನಕ್ಕೆ ಒಂದೂ ಬೇಡವೇ?

ಇರಲಿ. ತಮ್ಮ ಮರೆವನ್ನು ನಾನೇ ಸರಿಪಡಿಸೋಣವೆಂದು, ಮೂರು ಗಾಲಿಗೆ ಮೂರು ರಸವತ್ತಾದ ಹಣ್ಣುಗಳನ್ನು ಹೆಂಡತಿ ಶಿವಲಿಂಗವ್ವನ ಚೀಲದಲ್ಲಿ ಹಾಕಿ, ತೆಂಗಿನಕಾಯಿಯನ್ನು ಕಂಕುಳಲ್ಲಿ ಹಿಡಿದು ಬೆಳಗಾವಿಯ ವಿಮಾನ ನಿಲ್ದಾಣಕ್ಕೆ ಬಂದೆ. ಆಕೆ ಹಣ್ಣುಗಳನ್ನು ವಸ್ತ್ರದಲ್ಲಿ ಸುತ್ತಿ ನನ್ನ ಕೈಗಿತ್ತು, "ಲಗೂ ಮುಗಿಸಿ ಬರ್ರಿ" ಎಂದು ಹೇಳಿ ಸೆರಗು ಸಿಕ್ಕಿಸಿ ವಿಮಾನದ ಮೆಟ್ಟಿಲು ಹತ್ತಿಹೋದಳು. ಹಿಂದಿನ ಎರಡು ಗಾಲಿಗೆ ಎರಡನ್ನಿಟ್ಟು ಮುಂದಿನ ಗಾಲಿಗೆ ಬಂದು ನೋಡಿದರೆ, ವಸ್ತ್ರದಲ್ಲಿ ಮೂರನೆಯದೇ ಇಲ್ಲ! ಕಿಸೆ ತಡಕಿದೆ, ರುಮಾಲು ಬಿಚ್ಚಿ ಝಾಡಿಸಿದೆ, ತಮ್ಮ ವಿಮಾನದ ಹೊಟ್ಟೆಯ ಕೆಳಗೆ ಮೊಣಕಾಲೂರಿ ಹುಡುಕಿದೆ. ಕಿಟಕಿಯ ಗಾಜಿನ ಆಚೆ ಶಿವಲಿಂಗವ್ವ ಮುಷ್ಟಿ ಎತ್ತಿ ಎತ್ತಿ ತೋರಿಸುತ್ತಿದ್ದಳು. ಧೈರ್ಯ ಹೇಳುತ್ತಿದ್ದಾಳೆಂದು ತಿಳಿದು ನಾನೂ ಕೈಮುಗಿದು, ನಿಲ್ದಾಣದ ಬಾಗಿಲಾಚೆಯ ಚಹಾದಂಗಡಿಗೆ ಓಡಿದೆ. ಅಲ್ಲಿ ಹಣ್ಣು ಇರಲಿಲ್ಲ. ಅಂಗಡಿಯ ದಾನವ್ವ, "ಲಿಂಬಿಕಾಯಿ ಉಪ್ಪಿನಕಾಯಿ ಐತ್ರಿ, ನಡೀತದೇನು?" ಎಂದಳು. ನಡೆಯುತ್ತದೆಯೋ ಇಲ್ಲವೋ ಎಂದು ನಾನು ಯೋಚಿಸುತ್ತಿದ್ದಾಗಲೇ ತಮ್ಮ ವಿಮಾನ ನಡೆದುಬಿಟ್ಟಿತು.

ತಿರುಗಿ ಓಡಿಬರುತ್ತಲೇ ಎರಡು ಹಣ್ಣುಗಳು ಒಡೆದದ್ದನ್ನು ಕಣ್ಣಾರೆ ಕಂಡೆ. "ಹಿಂದಕ ತಗೋರಿ!" ಎಂದು ಕೂಗಿಕೊಂಡೆ. ಮೆಟ್ಟಿಲು ಸರಿಸುವವನು, "ಅದು ತಾನಾಗಿ ಹಿಂದಕ ಸರಿಯಂಗಿಲ್ರಿ ಯಜಮಾನ್ರ" ಎಂದ. ನಮ್ಮ ಕಡೆಯ ಶಿರಗುಪ್ಪಿ ಹಳ್ಳಿಯ ಚಕ್ಕಡಿ ಹಿಂದಕ್ಕೆ ಸರಿಯುತ್ತದೆ, ಅದಕ್ಕೆ ಕಟ್ಟಿದ ಎತ್ತುಗಳೂ ಸರಿಯುತ್ತವೆ. ಅಷ್ಟು ಪಂಡಿತರು ಕೂಡಿ ಕಟ್ಟಿದ ಯಂತ್ರಕ್ಕೆ ಮುಂದೆ ಹೋಗುವುದೊಂದೇ ಗೊತ್ತೆಂಬ ಈ ಸಾಧನೆಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ನಾನು ರೈಲು ಹಿಡಿದು, ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಮುಂಬಯಿ ಮುಟ್ಟುವಷ್ಟರಲ್ಲಿ ತೊಟ್ಟಿಲ ಶಾಸ್ತ್ರ ಮುಗಿದಿತ್ತು. ಅಜ್ಜಿ ಆಕಾಶದಿಂದ ಇಳಿದು ಬಂದಳೆಂಬ ಸಡಗರದಲ್ಲಿ ಎಲ್ಲರೂ ಸೇರಿ ಕೂಸಿಗೆ 'ಆಕಾಶ' ಎಂದು ಹೆಸರಿಟ್ಟುಬಿಟ್ಟಿದ್ದರು. ನನಗೆ ಅಳು ಬಂತು, ಸಾಹೇಬರೇ. ಕೂಸು ಮಾತ್ರ ನನ್ನ ಮೀಸೆ ಹಿಡಿದು ನಕ್ಕಿತು.

ಶಿವಲಿಂಗವ್ವನಿಗಂತೂ ತಮ್ಮ ವಿಮಾನದ ಮೇಲೆ ಎಂಥ ಭರವಸೆ ಬಂದಿದೆಯೆಂದರೆ, ಮರಳುವಾಗಲೂ ಅದರಲ್ಲೇ ಕೂತು ಬಂದಳು; ನಾನು ಮತ್ತೆ ರೈಲು ಹತ್ತಿದೆ. ಈಗ ಉಣಕಲ್ ಕೆರೆಯ ತನಕ ಟಾಂಗಾದಲ್ಲಿ ಹೋಗೋಣವೆಂದರೂ, "ಭಾಳ ಕುಲಕ್ತದರಿ" ಎಂದು ಮುಖ ತಿರುಗಿಸುತ್ತಾಳೆ.

ಆದಕಾರಣ ನನ್ನ ಬೇಡಿಕೆ ಸಣ್ಣದು. ಮುಂದಿನ ಮಾದರಿಯ ವಿಮಾನಕ್ಕೆ ಹಿಂದಕ್ಕೆ ಸರಿಯುವುದನ್ನು ದಯವಿಟ್ಟು ಕಲಿಸಿರಿ. ಅಲ್ಲದೆ, ನನ್ನ ಮೊಮ್ಮಗ ಆಕಾಶದ ಹೆಸರನ್ನು ಹೊತ್ತಿರುವುದರಿಂದ, ಆಕಾಶದಲ್ಲಿ ಹೋಗುವ ತಮ್ಮ ವಿಮಾನವು ನಮ್ಮಪ್ಪನ ಹೆಸರನ್ನು ಹೊರುವುದೇ ನ್ಯಾಯ. ಎರಡೂ ಬದಿಗೆ 'ಮಹಾದೇವಪ್ಪ' ಎಂದು, ಹುಬ್ಬಳ್ಳಿಯಿಂದ ಕತ್ತೆತ್ತಿ ನೋಡಿದರೆ ಓದುವಂತೆ, ದೊಡ್ಡ ಅಕ್ಷರದಲ್ಲಿ ಬರೆಸಬೇಕಾಗಿ ವಿನಂತಿ.

ಇನ್ನೂ ನೆಲದ ಮೇಲೆಯೇ ಇರುವ
ತಮ್ಮ ವಿಶ್ವಾಸಿ,
ಗುರುಶಿದ್ದಪ್ಪ

ತಾಜಾ ಕಲಂ: ನಿನ್ನೆ ಊಟಕ್ಕೆ ಕೂತಾಗ ಶಿವಲಿಂಗವ್ವ ಹೇಳಿದಳು: "ಮೂರನೇದು ನನ್ನ ಕೈಯಾಗ ಇತ್ತಲ್ರಿ. ವಾಂತಿ ಬರಬಾರದಂತ ಮೂಸಿಕೋತ ಹೋದೆ. ಕಿಟಕ್ಯಾಗಿಂದ ತೋರಿಸಿ ತೋರಿಸಿ ಸಾಕಾತು, ನೀವು ಕೈಮುಗದು ಓಡಿಬಿಟ್ರಿ." ಅಂದರೆ ತಮ್ಮ ವಿಮಾನ ಮುಂದಿನ ಗಾಲಿಗೆ ಲಿಂಬೆಹಣ್ಣೇ ಇಲ್ಲದೆ ಮುಂಬಯಿ ತನಕ ಹಾರಿದೆ. ಈ ಭಯಂಕರ ಸಂಗತಿ ಪ್ರಯಾಣಿಕರಿಗೆ ತಿಳಿದರೆ ತಮ್ಮ ಕಂಪನಿಯ ಗತಿಯೇನು? ನಾನಂತೂ ಈ ಪತ್ರಿಕೆ ಓದುವವರ ಹೊರತು ಯಾರಿಗೂ ಹೇಳಿಲ್ಲ.