ಅತ್ತೆಯವರ ಜೊತೆ ಅದ್ದೂರಿ ನಾಟಕ

ಮನೆಮಂದಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೊರಟರೂ ನನ್ನ ಪಾಲಿಗೆ ಏನಾದರೊಂದು ಆಗಿಯೇ ತೀರುತ್ತದೆ. ಹುನಗುಂದದಲ್ಲಿ ಮಾಸ್ತರಿಕೆ ಮಾಡುತ್ತೇನೆ. ಅರವತ್ತು ಹುಡುಗರ ಪ್ರವಾಸವನ್ನು ಸಲೀಸಾಗಿ ಮಾಡಿಸಿದ್ದೇನೆ, ಅತ್ತೆಯವರೊಬ್ಬರದು ಮಾತ್ರ ದಕ್ಕಿಲ್ಲ. ಪಟ್ಟದಕಲ್ಲಿಗೆ ಕರೆದೊಯ್ದೆ, "ಬರೇ ಕಲ್ಲು" ಎಂದರು. ಐಹೊಳೆಗೆ ಕರೆದೊಯ್ದೆ, "ಇಲ್ಲೂ ಕಲ್ಲಽ ಅದಾವಲ್ಲರಿ" ಎಂದರು.

ಈ ಸಲ ಬಾಗಲಕೋಟೆಗೆ ಭಾರೀ ಸಂಗೀತ ನಾಟಕವೊಂದು ಬಂದಿತ್ತು. ನಲವತ್ತು ಕಲಾವಿದರು, ಗೋಡೆಯಷ್ಟು ಪರದೆ, ತಾನೇ ಮೇಲೇಳುವ ವೇದಿಕೆ. ರವಿವಾರ ಮಧ್ಯಾಹ್ನದ ಆಟಕ್ಕೆ ಹೊರಟಾಗ ಹೆಂಡತಿ ಖಡಕ್ಕಾಗಿ ಹೇಳಿದಳು: "ಇದೂ ಅವ್ವಗ ಸೇರಲಿಲ್ಲಂದ್ರ, ಇನ್ನ ಮ್ಯಾಲೆ ಎಲ್ಲಿಗೆ ಹೋಗೂದಂತ ಅಪ್ಪ ಹೇಳ್ತಾನ, ನೀವಲ್ಲ."

ಮಾವನವರು ಹೇಳುವ ಜಾಗ ಒಂದೇ, ಎತ್ತಿನ ಸಂತೆ. ನನಗೆ ನಿಜಕ್ಕೂ ಭಯವಾಯಿತು.

ಬುತ್ತಿ

ಬಾಗಿಲಲ್ಲೇ ತಡೆದರು. ಒಳಗೆ ಊಟ ಒಯ್ಯುವಂತಿಲ್ಲ. ಅತ್ತೆಯವರ ಕೈಯಲ್ಲಿ ಇಪ್ಪತ್ತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಗಂಟು.

"ಇದು ಬ್ಯಾಡ್ರಿ, ಅಮ್ಮಾರ," ಎಂದ ಕಾವಲುಗಾರ.

"ಬುತ್ತಿ ಇಲ್ಲದ ನಾಟಕಾ ಹೆಂಗ ನೋಡ್ತಾರಪಾ? ಅದಿರ್ಲಿ, ನೀ ಉಂಡಿಯೇನು?"

"ಇನ್ನೂ ಇಲ್ರಿ."

ಅತ್ತೆಯವರು ಅಲ್ಲೇ ಮೆಟ್ಟಿಲ ಮೇಲೆ ಗಂಟು ಬಿಚ್ಚಿದರು. ಹತ್ತು ನಿಮಿಷದ ನಂತರ ಕಾವಲುಗಾರನೇ ಟಾರ್ಚ್ ಹಿಡಿದು ನಮ್ಮನ್ನು ಕುರ್ಚಿಯವರೆಗೆ ಬಿಟ್ಟ. ಗಂಟು ಅವನ ಹೆಗಲ ಮೇಲಿತ್ತು.

ಒನ್ಸ್ ಮೋರ್

ನಮ್ಮ ಕಡೆ ಹಾಡು ಹಿಡಿಸಿದರೆ ಪ್ರೇಕ್ಷಕರು ಒನ್ಸ್ ಮೋರ್ ಕೂಗಬೇಕು, ನಟ ಮತ್ತೆ ಹಾಡಬೇಕು. ಮೊದಲ ಹಾಡು ಮುಗಿದದ್ದೇ ತಡ, ಮಾವನವರು ಎದ್ದು ನಿಂತು ಕೂಗಿದರು. ಹಿಂದಿನ ಸಾಲುಗಳೂ ದನಿಗೂಡಿಸಿದವು. ಬೆಂಗಳೂರಿನಿಂದ ಬಂದ ನಟ ಕಕ್ಕಾಬಿಕ್ಕಿ. ಕೊನೆಗೆ ವ್ಯವಸ್ಥಾಪಕರು ಮೈಕ್ ಹಿಡಿದು ಬಂದರು.

"ದಯವಿಟ್ಟು ಕ್ಷಮಿಸಿ. ಹಾಡು ಕಂಪ್ಯೂಟರಿನಿಂದ ಬರುತ್ತದೆ, ಮತ್ತೆ ಹಿಂದಕ್ಕೆ ಹೋಗಲು ಆಗುವುದಿಲ್ಲ."

"ಅಂದ್ರ ಇಷ್ಟೊತ್ತನ ಹಾಡಿದ್ದು ಕಂಪ್ಯೂಟರೇನ್ರಿ?"

"ಹೌದು ಸರ್."

"ಹಂಗಾದ್ರ ಅದನ್ನಽ ಹೊರಗ ಕರೀರಿ," ಎಂದರು ಮಾವನವರು. "ಒಂದು ಹಾರಾ ಹಾಕ್ತೇನಿ."

ಉಡಿ

ಇಷ್ಟಾದರೂ ಅತ್ತೆಯವರ ಮುಖ ಸಡಿಲವಾಗಿರಲಿಲ್ಲ. ನಾನು ನಾಟಕ ಬಿಟ್ಟು ಅವರನ್ನೇ ನೋಡುತ್ತ ಕುಳಿತೆ. ಎರಡನೆಯ ಅಂಕದಲ್ಲಿ ರಾಣಿಯು ಏಳು ತಿಂಗಳ ಬಸುರಿ ಸೊಸೆಯನ್ನು ಅರಮನೆಯಿಂದ ಹೊರಹಾಕಿದಳು. ಸೊಸೆ ವೇದಿಕೆಯ ನಡುವೆ ನಿಂತು ಅತ್ತಳು. ನನಗೂ ಕಣ್ಣು ತುಂಬಿ ಬಂತು. ಒರೆಸಿಕೊಂಡು ಪಕ್ಕಕ್ಕೆ ನೋಡಿದರೆ ಅತ್ತೆಯವರ ಕುರ್ಚಿ ಖಾಲಿ!

ಆಟಕ್ಕೆ ಮೊದಲು ಬಾಗಲಕೋಟೆಯ ಬೀಗರ ಮನೆಗೆ ಹೋದಾಗ ಅವರು ಅತ್ತೆಯವರಿಗೆ ಉಡಿ ತುಂಬಿ ಕಳಿಸಿದ್ದರು. ಆ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ಹಿಡಿದು ಅತ್ತೆಯವರು ವೇದಿಕೆ ಹತ್ತಿಬಿಟ್ಟಿದ್ದರು. ಮೆಚ್ಚಿದ ಪಾತ್ರಕ್ಕೆ ಆಟದ ನಡುವೆಯೇ ಹೋಗಿ ಆಹೇರಿಯೆಂದು ಉಡುಗೊರೆ ಕೊಡುವುದು ನಮ್ಮಲ್ಲಿ ರೂಢಿ, ಹಾಗಾಗಿ ಯಾರೂ ತಡೆಯಲಿಲ್ಲ.

"ಏಳ ತಿಂಗಳ ಹುಡಿಗಿನ್ನ ಉಡಿ ತುಂಬದ ಕಳಸ್ತಾರೇನ ಬೇ?" ಎಂದು ರಾಣಿಯನ್ನು ಗದರಿಸಿ, ಅತ್ತೆಯವರು ಸೊಸೆಯ ಸೆರಗಿಗೆ ಅಕ್ಕಿ ಹಾಕತೊಡಗಿದರು. ನಟಿ ಪಾಪ, ಸುಮ್ಮನೆ ಸೆರಗೊಡ್ಡಿದಳು.

ಸೊಸೆ ದೇವಲೋಕಕ್ಕೆ ಏರುವ ಹೊತ್ತಾಗಿತ್ತು. ಒಳಗಿದ್ದವನು ಗುಂಡಿ ಒತ್ತಿದ. ಹೊಗೆ ಎದ್ದಿತು, ನೀಲಿ ಬೆಳಕು ಬಂತು, ಇಳಕಲ್ ಸೀರೆಯ ನಮ್ಮ ಅತ್ತೆಯವರು ನಟಿಯನ್ನು ತಬ್ಬಿಕೊಂಡು ಮೆಲ್ಲಗೆ ಮೇಲಕ್ಕೆ ಹೊರಟರು.

"ಅವ್ವಗ ಏನರ ಆದ್ರ ನೋಡ್ರಿ!" ಎಂದು ಹೆಂಡತಿ ನನ್ನ ರಟ್ಟೆ ಚಿವುಟಿದಳು. ಆಗ ನಟಿಯ ಕೊರಳ ಮೈಕಿನಿಂದ ಇಡೀ ಸಭಾಂಗಣಕ್ಕೆ ಅತ್ತೆಯವರ ದನಿ ಕೇಳಿತು: "ಅಳಿಯಂದ್ರ, ಕುರ್ಚಿ ಬುಡಕ ನನ್ನ ಚಪ್ಪಲ್ ಅದಾವು, ನೋಡಕೋರಿ!"

ಚಪ್ಪಾಳೆ ನಿಲ್ಲಲೇ ಇಲ್ಲ.

ಮರಳುವಾಗ ಗಾಡಿಯಲ್ಲಿ ನಾನೇ ಧೈರ್ಯ ಮಾಡಿ ಅತ್ತೆಯವರನ್ನು ಕೇಳಿದೆ: "ನಾಟಕಾ ಹೆಂಗಿತ್ರಿ?"

"ನೋಡಾಕ ಎಲ್ಲಿ ಆತು? ನಾ ಅದರಾಗಽ ಇದ್ದೆನಲ್ಲ," ಎಂದರು. ಆಮೇಲೆ ಗಂಡನ ಕಡೆ ಒಮ್ಮೆ ನೋಡಿ ನನ್ನತ್ತ ತಿರುಗಿದರು. "ಆ ಹುಡಿಗಿಗೆ ಇನ್ನ ಎರಡು ತಿಂಗಳು ಅಷ್ಟಽ. ಹಡದ ಮ್ಯಾಲೆ ತೊಟ್ಟಿಲಕ್ಕ ಹೋಗೂಣು. ನೀವಽ ಕರಕೊಂಡು ಹೋಗ್ರಿ, ಇವರು ಬ್ಯಾಡ."