ಬೆಲ್ಜಿಯಂನಲ್ಲಿ ರೈಟ್ ರೈಟ್

ನನ್ನ ಮಗಳು ಶಾಲಿನಿ ಪ್ಯಾರಾಲಿಂಪಿಕ್ಸಿಗೆ ಹೋಗುವುದಿದ್ದರೆ ಅರ್ಧ ದಾರಿ ಅವಳ ಕಾಲಿನ ಬಲದಿಂದ, ಇನ್ನರ್ಧ ನನ್ನ ಗಂಟಲಿನ ಬಲದಿಂದ ಹೋಗಬೇಕು ಎಂದು ನಾನು ಪಣ ತೊಟ್ಟಿದ್ದೆ. ಜಂಬದ ಮಾತಲ್ಲ ಇದು. ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷದಿಂದ ಕಂಟ್ರೋಲರ್ ಆಗಿರುವವನು ನಾನು. ಕರೆಂಟು ಹೋಗಿ ಮೈಕು ಸತ್ತರೂ ನಿಲ್ದಾಣದ ಕೆಲಸ ಒಂದು ದಿನವೂ ನಿಂತದ್ದಿಲ್ಲ. ನಾನು ಒಮ್ಮೆ “ಕೊಳ್ಳೇಗಾಲ” ಎಂದರೆ ಆಚೆ ಬೀದಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿರುವವರು ಚಟ್ನಿ ಬಿಟ್ಟು ಓಡಿಬರುತ್ತಾರೆ. ಒಂದು ಸಲವಂತೂ ಕೊಳ್ಳೇಗಾಲಕ್ಕೆ ಹೋಗಬೇಕಿಲ್ಲದ ಇಬ್ಬರು ಕೂಡ ಗಾಬರಿಯಲ್ಲಿ ಹತ್ತಿಬಿಟ್ಟಿದ್ದರು. ಅಂಥ ಗಂಟಲು.

ಶಾಲಿನಿಗೆ ಎಂಟು ವರ್ಷವಾಗಿದ್ದಾಗ ನಮ್ಮೂರು ಕಿರುಗಾವಲಿನ ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಎಡಗೈ ಮೊಣಕೈಯಿಂದ ಕೆಳಗೆ ಹೋಯಿತು. ಎಂಟನೇ ತರಗತಿಯಲ್ಲಿ ಸರ್ಕಾರ ಸೈಕಲ್ ಕೊಟ್ಟಾಗ “ಈ ಮಗೂಗೆ ಯಾಕೆ ಸೈಕಲ್ಲು” ಎಂದವರಿದ್ದರು. ಅವಳು ಒಂದೇ ವಾರದಲ್ಲಿ ಒಂದು ಕೈಯಲ್ಲಿ ಓಡಿಸುವುದನ್ನು ಕಲಿತು ಅವರ ಮನೆ ಮುಂದೆಯೇ ಗಂಟೆ ಬಾರಿಸುತ್ತ ಹೋದಳು. ಆಮೇಲೊಂದು ದಿನ ಮದ್ದೂರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕುತ್ತಿದ್ದವಳನ್ನು ಮಂಡ್ಯದ ಅಂಬರೀಶ್ ಎಂಬ ತರಬೇತುದಾರರು ಕಂಡರು. ಈಗ ಅವಳಿಗೆ ಇಪ್ಪತ್ತೆರಡು. ಬೆಲ್ಜಿಯಂ ದೇಶದ ರಸ್ತೆ ರೇಸಿನಲ್ಲಿ ಮೊದಲ ನಾಲ್ವರಲ್ಲಿ ಒಬ್ಬಳಾದರೆ ಪ್ಯಾರಾಲಿಂಪಿಕ್ಸಿಗೆ ಜಾಗ ಖಾತ್ರಿ ಎನ್ನುವಲ್ಲಿಗೆ ಬಂದು ನಿಂತಿದ್ದಳು.

ಇದರಲ್ಲಿ ನನ್ನ ಪಾತ್ರವೇನು? ಪ್ರತಿದಿನ ಬೆಳಗ್ಗೆ ಅವಳ ಅಭ್ಯಾಸದ ಹಿಂದೆ ಮೊಪೆಡ್ಡಿನಲ್ಲಿ ಕೂತು “ರೈಟ್, ರೈಟ್, ಹೋಗ್ಲಿ, ರೈಟ್” ಎಂದು ಹುರಿದುಂಬಿಸುವುದು. ದಾರಿಯ ಎಮ್ಮೆಗಳು ಕೂಡ ವೇಗ ಹೆಚ್ಚಿಸಿಕೊಳ್ಳುತ್ತಿದ್ದವು.

ಅಂಬರೀಶ್ ಮನೆಗೆ ಬಂದು ನನ್ನ ಹೆಂಡತಿ ಅರುಂಧತಿಯೊಂದಿಗೆ ಮಾತಾಡಿದರು. “ಅಕ್ಕ, ನೀವು ಬನ್ನಿ, ಅಜ್ಜಿನೂ ಬರ್ಲಿ. ಮಗೂಗೆ ಧೈರ್ಯ ಇರುತ್ತೆ. ಪಾಪ, ಅಣ್ಣನ್ಗೆ ರಜಾ ಸಿಗಲ್ಲ, ಅಲ್ವಾ?”

“ರಜಾ ಸಿಕ್ಬುಟ್ಟದೆ,” ಎಂದಳು ಅರುಂಧತಿ. ಅವಳು ಪ್ರಾಥಮಿಕ ಶಾಲೆಯ ಮೇಡಮ್ಮು. ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳಿ ಅಭ್ಯಾಸವಿದೆ.

ಅಂಬರೀಶ್ ಕಾಫಿಯನ್ನು ಅರ್ಧಕ್ಕೇ ಇಟ್ಟರು. ಸಕ್ಕರೆ ಕಮ್ಮಿಯಾಗಿರಬೇಕು ಎಂದುಕೊಂಡೆ.

ಹೀಗೆ ನಾನು, ಅರುಂಧತಿ ಮತ್ತು ಎಪ್ಪತ್ತನಾಲ್ಕರ ನನ್ನವ್ವ ಮಂಚಮ್ಮ ವಿಮಾನ ಹತ್ತಿದೆವು. ಮೇ ತಿಂಗಳು. ಮಂಡ್ಯದಲ್ಲಿ ಟಾರು ಕರಗುವ ಬಿಸಿಲು. ಬೆಲ್ಜಿಯಂನಲ್ಲಿ ಇಳಿದರೆ ಹಲ್ಲು ಕಟಕಟ. ರೇಸಿನ ದಿನ ಸ್ವೆಟರಿನ ಮೇಲೆ ಸ್ವೆಟರ್ ಹಾಕಿದರೂ ನಡುಕ ನಿಲ್ಲಲಿಲ್ಲ. ಅಷ್ಟರ ಮೇಲೂ ಹಿಡಿಸುವಂಥ ಬಟ್ಟೆ ನನ್ನ ಪೆಟ್ಟಿಗೆಯಲ್ಲಿ ಒಂದೇ ಇತ್ತು: ರಾತ್ರಿ ಪಾಳಿಯಲ್ಲಿ ಬಸ್ಸುಗಳನ್ನು ರಿವರ್ಸ್ ತೆಗೆಸುವಾಗ ತೊಡುವ, ಹೊಳೆಯುವ ಪಟ್ಟಿಯ ಹಳದಿ ಜಾಕೀಟು. ಅದರ ಜೇಬಿನಲ್ಲಿ ನನ್ನ ಸೀಟಿಯೂ ಇತ್ತು. ತೊಟ್ಟುಕೊಂಡೆ.

“ರೀ, ಡ್ಯೂಟಿಗೆ ಹೊಂಟಂಗೆ ಕಾಣ್ತೀರಿ,” ಎಂದಳು ಅರುಂಧತಿ.

“ಮಗಳ ರೇಸಿಗಿಂತ ದೊಡ್ಡ ಡ್ಯೂಟಿ ಯಾವುದದೆ?” ಎಂದೆ. ಈ ಮಾತಿಗೆ ಅವಳ ಕಣ್ಣು ತುಂಬಿಬರುತ್ತದೆ ಎಂದು ಎದುರು ನೋಡಿದೆ. ಅವಳು ನನ್ನ ಜಾಕೀಟಿನ ಗುಂಡಿ ಹಾಕಿದಳು.

ಆರು ಸುತ್ತಿನ ರೇಸು. ಅವ್ವ, ಅರುಂಧತಿಯರೊಂದಿಗೆ ನಿಂತು ನೋಡಲು ನಾನು ಊರ ಹೊರಗಿನ ಒಂದು ತಿರುವನ್ನು ಆರಿಸಿಕೊಂಡೆ. ಮುಖ್ಯ ರಸ್ತೆ ನೇರ ಹೋಗುತ್ತದೆ, ಬಲಕ್ಕೊಂದು ಸಣ್ಣ ಓಣಿ ಕವಲೊಡೆಯುತ್ತದೆ. ಓಣಿಯ ಬಾಯಲ್ಲಿ ಬಿಳಿ ಮೀಸೆಯ ಒಬ್ಬ ಮುದುಕರು, ನನ್ನದೇ ಥರದ ಹಳದಿ ಜಾಕೀಟು ತೊಟ್ಟು, ಬಾವುಟ ಹಿಡಿದು ನಿಂತಿದ್ದರು. ಸೈಕಲ್ಲಿನವರು ದಾರಿ ತಪ್ಪದಂತೆ ಕಾಯುವುದು ಅವರ ಕೆಲಸ. ಕೊರಳಲ್ಲಿ ಸೀಟಿ ಕೂಡ ಇತ್ತು. ಒಬ್ಬ ಕಂಟ್ರೋಲರ್ ಇನ್ನೊಬ್ಬ ಕಂಟ್ರೋಲರನ್ನು ಗುರುತಿಸಲು ಭಾಷೆ ಬೇಕಿಲ್ಲ. ಕೈ ಕುಲುಕಿದೆವು.

ಎರಡು ಸುತ್ತು ಮುಗಿದವು. ಎರಡೂ ಸಲ ಏಳು ಜನ ಮುಂದೆ ಗುಂಪಾಗಿ ಹೋದರು, ಶಾಲಿನಿ ಒಂದು ಬಸ್ಸಿನುದ್ದ ಹಿಂದೆ ಎಂಟನೆಯವಳಾಗಿ ಹೋದಳು. ನಾನು ಕೂಗಿದೆ, ಆದರೆ ಹೊಸ ಊರಲ್ಲವೇ, ಅರ್ಧ ಗಂಟಲಿನಲ್ಲಿ. ಇದು ಸಾಲದು ಎಂದು ನನಗೇ ಅನ್ನಿಸಿತು.

ಮೂರನೇ ಸುತ್ತಿಗೆ ಮೊದಲು ಆ ಮುದುಕರು ನನ್ನ ಬಳಿ ಬಂದರು. ನನ್ನ ಜಾಕೀಟು ನೋಡಿದರು, ಸೀಟಿ ನೋಡಿದರು, ಗಡಿಯಾರ ತೋರಿಸಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನಾನು ತಲೆಯಾಡಿಸಿದೆ. ಅವರು ನೆಮ್ಮದಿಯಿಂದ ಉಸಿರುಬಿಟ್ಟು ಬಾವುಟವನ್ನು ನನ್ನ ಕೈಗಿಟ್ಟು, ಬೆನ್ನು ತಟ್ಟಿ, ದೂರದ ಕಾಫಿ ಅಂಗಡಿಯ ಕಡೆ ಹೊರಟುಹೋದರು. ಪಾಳಿ ಬದಲಿಸಲು ಬಂದವನು ನಾನೇ ಎಂದು ಅವರು ತಿಳಿದಿದ್ದರಂತೆ. ಆಟಗಾರ್ತಿಯ ತಂದೆಗೆ ಕೊಡುವ ಗೌರವ ಇದು ಎಂದು ನಾನು ತಿಳಿದೆ.

“ನೋಡಿದ್ಯಾ,” ಎಂದೆ ಅರುಂಧತಿಗೆ. “ಪರದೇಸದಲ್ಲೂ ಮನುಷ್ಯನ ಬೆಲೆ ಗೊತ್ತದೆ.”

ಅಷ್ಟರಲ್ಲಿ ಗುಂಪು ಬಂತು. ಮುಂದೆ ಏಳು, ಹಿಂದೆ ನನ್ನ ಮಗಳು. ಕೈಯಲ್ಲಿ ಬಾವುಟ, ಬಾಯಲ್ಲಿ ಸೀಟಿ. ಇಪ್ಪತ್ತಾರು ವರ್ಷದ ಸೇವೆಯನ್ನೆಲ್ಲ ಹೊಟ್ಟೆಯಿಂದ ಒಟ್ಟುಗೂಡಿಸಿ ಉದ್ದಕ್ಕೆ ಒಂದು ಸೀಟಿ ಊದಿ, ಬಾವುಟ ಬೀಸಿ, ಮಳವಳ್ಳಿಯಿಂದ ಮದ್ದೂರಿಗೆ ಕೇಳಿಸುವಂತೆ ಕೂಗಿದೆ: “ರೈಟ್! ರೈಟ್! ರೈಟ್!”

ಏಳು ದೇಶದ ಏಳು ಜನ ಒಟ್ಟಿಗೆ ಬಲಕ್ಕೆ ತಿರುಗಿದರು.

ಎಷ್ಟು ಶಿಸ್ತು ಎಂದರೆ, ನಮ್ಮ ನಿಲ್ದಾಣದ ಒಬ್ಬ ಡ್ರೈವರೂ ನನ್ನ ಮಾತನ್ನು ಹಾಗೆ ಕೇಳಿದ್ದಿಲ್ಲ. ಅವರ ಹಿಂದೆ ತೀರ್ಪುಗಾರರ ಮೋಟಾರ್ ಸೈಕಲ್ಲೂ ತಿರುಗಿತು. ಅದರ ಹಿಂದೆ ಬಿಡಿ ಚಕ್ರಗಳನ್ನು ಹೊತ್ತ ಕಾರೂ ತಿರುಗಿತು. ಶಾಲಿನಿ ಒಬ್ಬಳೇ ತಲೆ ಬಗ್ಗಿಸಿಕೊಂಡು ನೇರವಾಗಿ ಹೋದಳು.

“ಫಸ್ಟು!” ಎಂದು ಕುಣಿದೆ. “ಅವ್ವಾ, ನಿನ್ ಮೊಮ್ಮಗಳು ಫಸ್ಟು!”

“ಮಿಕ್ಕೋರು ಎತ್ತಗೋದ್ರಲಾ?” ಎಂದಳು ಅವ್ವ.

ಮಿಕ್ಕವರು ಎತ್ತ ಹೋದರು ಎಂದು ಸ್ವಲ್ಪ ಹೊತ್ತಿಗೇ ತಿಳಿಯಿತು. ಓಣಿಯ ಕೊನೆಯಲ್ಲೊಂದು ಹಸುವಿನ ಫಾರಮ್ಮಿತ್ತು. ಏಳು ಸೈಕಲ್ಲು, ಒಂದು ಮೋಟಾರ್ ಸೈಕಲ್ಲು, ಒಂದು ಕಾರು ಒಮ್ಮೆಲೇ ಅಂಗಳಕ್ಕೆ ನುಗ್ಗಿದಾಗ, ಹಾಲು ಕರೆಸಿಕೊಳ್ಳಲು ಸಾಲಾಗಿ ನಿಂತಿದ್ದ ಹಸುಗಳು ಈ ದೇಶದ ಮೇಲೆ ಯುದ್ಧ ಬಂತೆಂದು ಭಾವಿಸಿ ಗೇಟು ದಾಟಿ ಹೊರಟುಬಿಟ್ಟವು. ಮೊದಲು ಸೈಕಲ್ಲಿನವರು ಬೈಯುತ್ತ ಓಣಿಯಿಂದ ಹೊರಬಂದರು. ಅವರ ಹಿಂದೆ ಮೂವತ್ತು ನಲವತ್ತು ಕಪ್ಪುಬಿಳಿ ಹಸುಗಳು. ಅವುಗಳ ಹಿಂದೆ ಕೆಚ್ಚಲು ತೊಳೆಯುವ ಬಟ್ಟೆ ಹಿಡಿದ ಒಬ್ಬ ಹೆಂಗಸು, ನನ್ನನ್ನೇ ನೋಡುತ್ತ.

ರಸ್ತೆ ತುಂಬ ಹಸುಗಳು. ರೇಸು ನಿಂತಿತು. ನಾನು ಮತ್ತೆ ಸೀಟಿ ಊದಿದೆ. ಹಸುಗಳು ಇನ್ನಷ್ಟು ಚದುರಿದವು. ಆಗ ಅವ್ವ ನನ್ನ ಕೈಯಿಂದ ಬಾವುಟ ಕಿತ್ತುಕೊಂಡು, ಬಟ್ಟೆ ಸುತ್ತಿಟ್ಟು, ಕೋಲನ್ನಷ್ಟೇ ಹಿಡಿದು ಸೀರೆ ಎತ್ತಿಕಟ್ಟಿ ರಸ್ತೆಗಿಳಿದಳು.

“ಏಯ್, ಬಾ, ತಿರೀಕೋ, ಹಾ,” ಎಂದಳು. ಅವಳು ಕೂಗಲಿಲ್ಲ. ಮುಂದಿನ ಹಸುವಿನ ಕೊರಳು ತುರಿಸಿ ಮುಖ ತಿರುಗಿಸಿದಳು, ಮಿಕ್ಕವು ಅದರ ಹಿಂದೆ ಹೋದವು. “ನಮ್ಮೂರ್ ಡೈರಿಗೆ ಆಲು ಆಕೋ ಅಸಗೋಳೇ ಕಣ್ಲಾ ಇವು. ವಸಿ ಕೊಬ್ಬವೆ ಅಷ್ಟೆ.” ಫಾರಮ್ಮಿನ ಹೆಂಗಸು ಅವ್ವನನ್ನು ತಬ್ಬಿಕೊಂಡಳು. ನನ್ನತ್ತ ನೋಡಿ ಏನೋ ಅಂದಳು. ಅದು ತಬ್ಬಿಕೊಳ್ಳುವ ಧಾಟಿಯಲ್ಲಿರಲಿಲ್ಲ.

ನಮ್ಮನ್ನು ತೀರ್ಪುಗಾರರ ಡೇರೆಗೆ ಕರೆದೊಯ್ದರು. ಮುಖ್ಯ ತೀರ್ಪುಗಾರ್ತಿ ಆರಡಿ ಎತ್ತರದ ಹೆಂಗಸು, ನಗು ಕಂಡಿರದ ಮುಖ. ಒಂದು ಪಕ್ಕದಲ್ಲಿ ಏಳು ದೇಶದ ತರಬೇತುದಾರರು. ಇನ್ನೊಂದು ಪಕ್ಕದಲ್ಲಿ ಬೆವರು ಆರದ ಶಾಲಿನಿ, ಅಂಬರೀಶ್, ನಾವು. ಶಾಲಿನಿ ನನ್ನ ಮುಖ ನೋಡಲಿಲ್ಲ. ಅವಳ ಬಲಗೈ ಹೆಲ್ಮೆಟ್ಟಿನ ಪಟ್ಟಿಯನ್ನು ಸುತ್ತುತ್ತಲೂ ಬಿಚ್ಚುತ್ತಲೂ ಇತ್ತು.

ಆ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದರು. ನನಗೂ ಇಂಗ್ಲಿಷ್ ಬರುತ್ತದೆ; ಬರದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ನೀವು ರೈಟ್ ಎಂದು ಯಾಕೆ ಕೂಗಿದಿರಿ?”

“ನಮ್ಮ ಕಡೆ ರೈಟ್ ಅಂದರೆ ಹೊರಡು ಅಂತ, ಮೇಡಂ. ಬಸ್ಸಿನ ಭಾಷೆ.”

“ಹಾಗಾದರೆ ಬಲಕ್ಕೆ ತಿರುಗು ಎನ್ನಲು?”

“ಅದನ್ನ ಯಾರೂ ಹೇಳಲ್ಲ. ಡ್ರೈವರಿಗೇ ಗೊತ್ತಿರುತ್ತೆ.”

“ನಿಲ್ಲಿಸಲು?”

“ಹೋಲ್ಡಾನ್.”

“ಹೋಲ್ಡಾನ್ ಎಂದರೆ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದಲ್ಲವೇ?”

“ನಮ್ಮಲ್ಲಿ ಹೋಲ್ಡಾನ್ ಅಂದರೆ ಎಲ್ಲರೂ ಕೈ ಬಿಟ್ಟು ಇಳೀತಾರೆ.”

ಅವರು ಪೆನ್ನು ಕೆಳಗಿಟ್ಟು ಹಣೆ ಒತ್ತಿಕೊಂಡರು. ಮತ್ತೆ ಪೆನ್ನು ತೆಗೆದುಕೊಂಡು ನಿಧಾನವಾಗಿ ಕೇಳಿದರು: “ಅಂದರೆ ನಿಮ್ಮ ಕೂಗಿನ ನಿಜವಾದ ಅರ್ಥ ಅಲ್ಲಿದ್ದವರಲ್ಲಿ ನಿಮ್ಮ ಮಗಳೊಬ್ಬಳಿಗೇ ತಿಳಿದಿತ್ತು?”

“ಸಿದ್ದೇಶಣ್ಣ, ಸ್ವಲ್ಪ ಇರಿ,” ಎಂದು ಅಂಬರೀಶ್ ನನ್ನ ತೋಳು ಹಿಡಿದರು.

ನಾನು ನಿಲ್ಲಲಿಲ್ಲ. ಮಗಳ ಬುದ್ಧಿವಂತಿಕೆಯನ್ನು ಹೊರದೇಶದವರು ಹೊಗಳುತ್ತಿರುವಾಗ ಯಾವ ತಂದೆ ಸುಮ್ಮನಿರುತ್ತಾನೆ? “ಹೌದು ಮೇಡಂ, ಅವಳೊಬ್ಬಳಿಗೇ. ಚಿಕ್ಕಂದಿನಿಂದ ನಾನೇ ಕಲಿಸಿದ್ದೇನೆ,” ಎಂದೆ.

ಏಳು ತರಬೇತುದಾರರೂ ಒಟ್ಟಿಗೆ ಎದ್ದು ನಿಂತು ಮಾತಾಡತೊಡಗಿದರು. ಅಂಬರೀಶ್ ಮುಖ ಬಿಳುಚಿತು. “ಅಣ್ಣ, ಅದನ್ನ ಗುಪ್ತ ಸಂಕೇತ ಅಂತಾರೆ. ಅಪ್ಪ ಮಗಳು ಸೇರಿ ಬೇಕಂತಲೇ ಮಾಡಿದ್ದು ಅಂದ್ರೆ ಅವಳನ್ನ ರೇಸಿಂದಲೇ ತೆಗೆದುಹಾಕ್ತಾರೆ. ಪ್ಯಾರಾಲಿಂಪಿಕ್ಸೂ ಇಲ್ಲ, ಏನೂ ಇಲ್ಲ.”

ಕೂಗಬೇಡ ಎಂದು ಯಾರಾದರೂ ಹೇಳಬಾರದಿತ್ತೇ ಎಂದುಕೊಂಡೆ. ಎಲ್ಲರೂ ಹೇಳಿದ್ದರು ಎಂಬುದೂ ನೆನಪಾಯಿತು.

ತೀರ್ಪುಗಾರ್ತಿ ಶಾಲಿನಿಯತ್ತ ತಿರುಗಿದರು. “ನಿಮ್ಮ ತಂದೆಯ ಸಂಕೇತ ಕೇಳಿಸಿಕೊಂಡೇ ನೇರ ಹೋದಿರಾ?”

ಶಾಲಿನಿ ಉತ್ತರಿಸಲಿಲ್ಲ. ಅವರು ಮತ್ತೆ ಕೇಳಿದರು. ಉತ್ತರವಿಲ್ಲ. ಮೂರನೇ ಸಲ ಗಟ್ಟಿಯಾಗಿ ಕೇಳಿದರು. ಶಾಲಿನಿ ಅವರ ತುಟಿಯನ್ನೇ ನೋಡುತ್ತ ನಿಂತಿದ್ದಳು. ಮೌನ ಅಪರಾಧದ ಗುರುತು ಎಂಬಂತೆ ಅವರು ಬರೆದುಕೊಳ್ಳಲು ಶುರುಮಾಡಿದರು.

“ಅಯ್ಯೋ, ತಡ್ಯವ್ವ,” ಎಂದು ಅವ್ವ ಎದ್ದು ಮೊಮ್ಮಗಳ ತಲೆ ಹಿಡಿದು ಓರೆ ಮಾಡಿ, ಕಿವಿಯೊಳಗೆ ಬೆರಳು ಹಾಕಿದಳು. ನೆಲ್ಲಿಕಾಯಿ ಗಾತ್ರದ ಹತ್ತಿಯ ಉಂಡೆ ಹೊರಬಂತು. ಇನ್ನೊಂದು ಕಿವಿಯಿಂದ ಇನ್ನೊಂದು. ಎರಡನ್ನೂ ಆ ಹೆಂಗಸಿನ ಕಾಗದದ ಮೇಲಿಟ್ಟಳು.

“ಈಗ ಕೇಳಿ,” ಎಂದಳು. ಅವರು ನಾಲ್ಕನೇ ಸಲ ಕೇಳಿದರು.

ಶಾಲಿನಿ ನನ್ನನ್ನು ನೋಡಿದಳು, ತಲೆ ತಗ್ಗಿಸಿದಳು. “ನಂಗೆ ಏನೂ ಕೇಳಿಸ್ಲಿಲ್ಲ. ಅಪ್ಪ ರೇಸಿಗೆ ಬಂದಾಗ್ಲೆಲ್ಲ ನಾನು ಹತ್ತಿ ಇಟ್ಕೋತೀನಿ. ನಾಕು ವರ್ಷದಿಂದ,” ಎಂದಳು. ಅಂಬರೀಶ್ ಅದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿದರು, ಅನಗತ್ಯವೆನಿಸುವಷ್ಟು ಸ್ಪಷ್ಟವಾಗಿ.

“ಸಾಕ್ಷಿ ಇದೆಯೇ?” ಎಂದು ಒಬ್ಬ ತರಬೇತುದಾರ ಕೇಳಿದ.

ಅವ್ವ ತನ್ನ ಕುಲಾವಿ ಸರಿಸಿ ತನ್ನ ಕಿವಿಗಳಿಂದಲೂ ಎರಡು ಉಂಡೆ ತೆಗೆದಳು. ಅರುಂಧತಿ ಸ್ವಲ್ಪ ಹಿಂದುಮುಂದು ನೋಡಿ, ಮದುವೆಯಾದ ಇಪ್ಪತ್ತನಾಲ್ಕು ವರ್ಷವನ್ನು ಒಂದು ಕ್ಷಣ ನೆನೆದವಳಂತೆ ನಿಟ್ಟುಸಿರುಬಿಟ್ಟು, ತನ್ನ ಒಂದು ಕಿವಿಯಿಂದ ತೆಗೆದಳು. “ಇನ್ನೊಂದು ಇವರು ಊಟಕ್ಕೆ ಕರೆದ್ರೆ ಕೇಳಿಸ್ಲಿ ಅಂತ ಬಿಟ್ಟಿದ್ದೆ,” ಎಂದಳು. ಅತ್ತೆ ಕೊಟ್ಟ ‘ಅತ್ತಿ’ಯಂತೆ. ಅಂಬರೀಶ್ ಕೂಡ ತಮ್ಮ ಕಿವಿಯತ್ತ ಕೈ ಒಯ್ದದ್ದನ್ನು ನಾನು ಕಂಡೆ; ಕಾಣದವನಂತೆ ಇದ್ದೆ.

ತೀರ್ಪುಗಾರ್ತಿಯ ಮುಖದಲ್ಲಿ ಆಗ ಮೊದಲ ಬಾರಿ ನಗು ಬಂತು. ಹತ್ತಿಯ ಉಂಡೆಗಳನ್ನು ಎಣಿಸಿ, ಐದು ಎಂದು ಬರೆದುಕೊಂಡರು. ಸಂಚು ನಡೆದಿಲ್ಲ, ತಂದೆಯ ಮಾತನ್ನು ಮನೆಯ ಯಾರೂ ಕೇಳುತ್ತಿರಲಿಲ್ಲ ಎಂಬುದು ಸಾಬೀತಾಗಿದೆ ಎಂದು ತೀರ್ಪಾಯಿತು. ಆ ತಿರುವಿಗೆ ಬರುವ ಮೊದಲು ಯಾರು ಎಷ್ಟು ಹಿಂದೆ ಮುಂದೆ ಇದ್ದರೋ ಹಾಗೇ ನಿಲ್ಲಿಸಿ, ಉಳಿದ ಮೂರು ಸುತ್ತು ಓಡಿಸುವುದು. ನನ್ನ ಸೀಟಿ ಮೇಜಿನ ಮೇಲೆ. ನಾನು ಡೇರೆಯೊಳಗೆ.

ಕಾಫಿಗೆ ಹೋಗಿದ್ದ ಮುದುಕರನ್ನೂ ಹಿಡಿದು ತಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಇಬ್ಬರು ಕಂಟ್ರೋಲರುಗಳು ಡೇರೆಯ ಬಿಳಿ ಬಟ್ಟೆಯನ್ನು ನೋಡುತ್ತ ಕೂತೆವು. ನಾನು ಚೀಲದಿಂದ ಮದ್ದೂರು ವಡೆ ತೆಗೆದು ಕೊಟ್ಟೆ. ಅವರು ಕಡಿದು, ಹಲ್ಲು ಮುಟ್ಟಿ ನೋಡಿಕೊಂಡು, ಇನ್ನೊಂದು ತೆಗೆದುಕೊಂಡರು.

ಹೊರಗೆ ಜನ ಕೂಗುತ್ತಿದ್ದರು. ಯಾವ ಕೂಗು ನನ್ನ ಮಗಳಿಗೆ, ಯಾವುದು ಬೇರೆಯವರಿಗೆ ಎಂದು ತಿಳಿಯುತ್ತಿರಲಿಲ್ಲ. ಒಂದು ಸುತ್ತು. ಎರಡು. ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು, ನಾನು ವಡೆ ತುರುಕಿ ಮುಚ್ಚುತ್ತಿದ್ದೆ. ನಾನು ಕೂಗದೆ ಅವಳು ಹೇಗೆ ಓಡಿಸುತ್ತಾಳೆ ಎಂಬ ಚಿಂತೆ ಹೋಗಿ, ನಾನು ಕೂಗುತ್ತಿದ್ದಾಗ ಪಾಪ ಹೇಗೆ ಓಡಿಸಿದಳು ಎಂಬ ಚಿಂತೆ ಬಂತು. ಕೊನೆಗೊಂದು ದೊಡ್ಡ ಗದ್ದಲವೆದ್ದು ಅಡಗಿತು.

ಡೇರೆಯ ಪರದೆ ಸರಿಯಿತು. ಶಾಲಿನಿ, ಮುಖವೆಲ್ಲ ಕೆಸರು. ಹಿಂದೆ ಅಂಬರೀಶ್, ಕಣ್ಣು ಒರೆಸಿಕೊಳ್ಳುತ್ತ, ನಾಲ್ಕು ಬೆರಳು ತೋರಿಸಿದರು. ನಾಲ್ಕನೆಯವಳು. ನನ್ನ ಮಗಳು ಪ್ಯಾರಾಲಿಂಪಿಕ್ಸಿಗೆ.

ಶಾಲಿನಿ ನನ್ನ ಮುಂದೆ ನಿಂತಳು. ಉಳಿದ ಸುತ್ತುಗಳಿಗೆಂದು ಮತ್ತೆ ಇಟ್ಟುಕೊಂಡಿದ್ದ ಹತ್ತಿಯನ್ನು ಒಂದು ಕಿವಿಯಿಂದ ತೆಗೆದಳು, ಇನ್ನೊಂದರಿಂದಲೂ ತೆಗೆದಳು.

“ಈಗ ಯೋಳಪ್ಪ,” ಎಂದಳು. “ಎಷ್ಟ್ ಜೋರಾಗಿ ಬೇಕಾದ್ರೂ.”

ನಾನು ಬಾಯಿ ತೆರೆದೆ. ಮಳವಳ್ಳಿ ನಿಲ್ದಾಣವನ್ನು ಆಳಿದ ಗಂಟಲಿನಿಂದ ಗಾಳಿ ಕೂಡ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದೆ. ಕಣ್ಣಲ್ಲಿ ನೀರು ಬಂತೇ ಹೊರತು ಮಾತು ಬರಲಿಲ್ಲ. ಅವಳ ಕೆಸರು ಕೆನ್ನೆಯನ್ನು ಹಿಡಿದುಕೊಂಡು ನಿಂತೆ.

“ನೋಡವ್ವ, ನೀನ್ ಕಿವಿ ಬಿಚ್ದಾಗ್ಲೇ ಇವುನ್ಗೆ ಬಾಯಿ ಕಟ್ಕತು,” ಎಂದಳು ಅವ್ವ.

ಅರುಂಧತಿ ನನ್ನ ಮುಖವನ್ನೇ ಗಮನವಿಟ್ಟು ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ.

“ಅತ್ತೆ,” ಎಂದಳು ಅವಸರದಿಂದ, “ಬೇಗ ಮಗೂಗೆ ಹತ್ತಿ ಇಟ್ಬುಡಿ. ಇವರು ಸುಧಾರಿಸ್ಕೋತಾ ಅವ್ರೆ.”