ಹೊಸ ವರ್ಷನ್ ಬಂತು, ನಮ್ಮ ತಿದ್ದುಪಡಿ ಹೋಯ್ತು

ಆಸ್ಪತ್ರೆಗಳಲ್ಲಿ ಟೋಕನ್ ಕೂಗೋ ಸಾಫ್ಟ್‌ವೇರ್ ನೋಡಿಕೊಳ್ಳೋದು ನನ್ನ ಕೆಲಸ. ಬೀರೂರಲ್ಲಿ ಮನೆ, ಸುತ್ತಲಿನ ಊರುಗಳಿಗೆ ಓಡಾಟ. ಡಾಕ್ಟರುಗಳು ಕೇಳಿದ ಹಾಗೆ ಅವರ ಕಂಪ್ಯೂಟರಿನಲ್ಲೇ ಕೂತು ಅಷ್ಟಿಷ್ಟು ತಿದ್ದಿಕೊಡ್ತೀನಿ. ಮುಂದೆ ನಮ್ಮ ಆಫೀಸಿನವರು ಕೋಡ್ ಇಟ್ಟಿರೋ 'ಗಿಟ್' ಅನ್ನೋ ವ್ಯವಸ್ಥೆಯಿಂದ ನಾನು ಹೊಸ ವರ್ಷನ್ ಇಳಿಸುವಾಗ ಆ ತಿದ್ದುಪಡಿ ಉಳಿಯಬೇಕು. ಒಂದಲ್ಲ ಒಂದು ಕಡೆ ಉಳಿಯೋದಿಲ್ಲ. ಇಷ್ಟಾದರೂ ನನಗೆ ಎಲ್ಲೆಡೆ ಕಾಫಿ ಸಿಗುತ್ತೆ ಅಂದರೆ, ಅದು ಆ ಜನರ ದೊಡ್ಡತನ.

ಕಡೂರು: ರೋಗಿ ಯಾರು?

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನಮ್ಮ ಸ್ಪೀಕರ್ "ಮುಂದಿನ ರೋಗಿ ಬನ್ನಿ" ಅಂತಿತ್ತು. ಹಿರಿಯರಿಗೆ ಬೇಜಾರಾಗುತ್ತೆ ಅಂತ ಡಾಕ್ಟರು ಹೇಳಿದ್ದಕ್ಕೆ "ಮುಂದಿನವರು ಬನ್ನಿ" ಅಂತ ಮಾಡಿದ್ದೆ. ಹೊಸ ವರ್ಷನ್ ಇಳಿಸೋ ದಿನ ಗಿಟ್ ತಡೆದು, ಇಲ್ಲಿನ ತಿದ್ದುಪಡಿ ಅಳಿಸಿಹೋಗುತ್ತೆ ಅಂತ ಎಚ್ಚರಿಸಿತು. ರೈಲಿನ ಅವಸರದಲ್ಲಿ ನಾನು, ಹೋಗಲಿ ಅಂದುಬಿಟ್ಟೆ.

ಮರುದಿನ ರಿಟೈರ್ಡ್ ಮೇಷ್ಟ್ರೊಬ್ಬರು ಊದಿದ ಕೆನ್ನೆ ಹಿಡಿದುಕೊಂಡು, ನನಗೆ ಹಲ್ಲುನೋವು ಅಷ್ಟೆ, ನಾನು ರೋಗಿಯಲ್ಲ ಅಂತ ಕುರ್ಚಿಯಿಂದ ಏಳಲೇ ಇಲ್ಲವಂತೆ. ನಾನು ಓಡಿ ಹೋದೆ. ಏನು ತಿದ್ದಿದ್ದೆ, ಎಲ್ಲಿ ತಿದ್ದಿದ್ದೆ, ಒಂದೂ ನೆನಪಿಲ್ಲ. ರಿಸೆಪ್ಷನಿಸ್ಟ್ ಹುಡುಗಿ ಡೈರಿಯ ಹಿಂದಿನ ಪುಟ ತೆಗೆದಳು. ನಾನು ಮಾಡಿದ ಒಂದೊಂದು ತಿದ್ದುಪಡಿಯನ್ನೂ ಫೈಲಿನ ಹೆಸರಿನ ಸಮೇತ ಬರೆದಿಟ್ಟಿದ್ದಳು. ಹತ್ತೇ ನಿಮಿಷಕ್ಕೆ ಸರಿಹೋಯ್ತು.

ಅವಳು ಅದೇ ಮೇಷ್ಟ್ರ ಶಿಷ್ಯೆ. ಅವರು ಡೈರಿ ನೋಡಿ, "ಬರೆದಿಟ್ಕೊಳ್ಳಿ ಅಂತ ಸರ್ವೀಸೆಲ್ಲ ಬಡ್ಕೊಂಡೆ ಕಣಮ್ಮ. ನೀನೊಬ್ಬಳಾದ್ರೂ ಕೇಳಿಸ್ಕೊಂಡಿದ್ದೆ ಅಂತ ಹಲ್ಲುನೋವು ಬಂದ್ಮೇಲೆ ಗೊತ್ತಾಯ್ತು" ಅಂದರು.

ತರೀಕೆರೆ: ಅಟ್ಟದ ಮೇಲಿನ ಮಾವ

ಅಲ್ಲಿಂದ ಬುದ್ಧಿ ಬಂತು. ಗಿಟ್‌ನಲ್ಲಿ 'ಸ್ಟ್ಯಾಶ್' ಅಂತ ಒಂದಿದೆ. ನಮ್ಮ ತಿದ್ದುಪಡಿಯನ್ನ ಪಕ್ಕಕ್ಕೆ ಎತ್ತಿಡೋದು, ಹೊಸದನ್ನ ಇಳಿಸೋದು, ಆಮೇಲೆ ಎತ್ತಿಟ್ಟಿದ್ದನ್ನ ವಾಪಸ್ ಹಾಕೋದು. ತರೀಕೆರೆಯ ನರ್ಸಿಂಗ್ ಹೋಮಿನ ಹಿರಿಯ ನರ್ಸಮ್ಮನಿಗೆ ಇದನ್ನ ವಿವರಿಸಿದೆ.

"ಸುಣ್ಣ ಹೊಡೆಯುವಾಗ ಗೋಡೆ ಮೇಲಿನ ಫೋಟೋ ಇಳಿಸಿಟ್ಟ ಹಾಗೆ" ಅಂದರು. ಹೌದು ಅಂದೆ. "ವಾಪಸ್ ಹಾಕೋದು ಮರೀಬೇಡಿ. ನಮ್ಮ ಮಾವನೋರ ಫೋಟೋ ಎರಡು ವರ್ಷದಿಂದ ಅಟ್ಟದ ಮೇಲೇ ಇದೆ."

ಇಬ್ಬರೂ ನಕ್ಕೆವು. ಕೆಲಸ ಮುಗಿಸಿ ಲಿಂಗದಹಳ್ಳಿ ಬಸ್ ಹತ್ತಿದೆ. ಅರ್ಧ ದಾರಿಗೆ ಅವರ ಫೋನ್. ಬೈಗುಳವಿಲ್ಲ, ದೂರಿಲ್ಲ.

"ಸಾರ್, ಮಾವನೋರು ಇನ್ನೂ ಅಟ್ಟದ ಮೇಲೇ ಇದಾರೆ ಕಣ್ರೀ."

ಅಜ್ಜಂಪುರ: ಶ್ರೀಮತಿ ಗೌರಿ

ಇದು ದನದ ಡಾಕ್ಟರ ಕ್ಲಿನಿಕ್. ಒಂದೇ ಹೆಸರಿನ ಯಜಮಾನರು ನಾಲ್ಕು ಜನ ಬರ್ತಾರೆ ಅಂತ, ದನದ ಹೆಸರನ್ನೇ ಕೂಗೋ ಹಾಗೆ ಮಾಡಿಕೊಟ್ಟಿದ್ದೆ. ಈ ಸಲ ಎತ್ತಿಟ್ಟೆ, ಹೊಸದು ಇಳಿಸಿದೆ, ನೆನಪಿಟ್ಟು ವಾಪಸ್ಸೂ ಹಾಕಿದೆ. ಎಲ್ಲ ಸಲೀಸಾಗಿ ಕೂಡಿಕೊಂಡಿತು. ಹೆಂಗಸರ ಹೆಸರಿಗೆ ಗೌರವ ಸೇರಿಸಿ ಅಂತ ಯಾರೋ ಕೇಳಿ, ಆಫೀಸಿನವರು ಹೊಸದರಲ್ಲಿ ಅದನ್ನೂ ಹಾಕಿದ್ದು ನನಗೆ ಗೊತ್ತಿರಲಿಲ್ಲ.

ಹೊರಗೆ ಗಂಡ ಹೆಂಡತಿ ಹಸು ಹಿಡಿದು ನಿಂತಿದ್ದರು. ಎರಡು ದಿನದಿಂದ ಅದು ಮೇವು ಮುಟ್ಟಿರಲಿಲ್ಲ. ಹೆಂಗಸು ಕಣ್ಣೊರೆಸಿಕೊಳ್ತಿದ್ದಳು. ಆಗ ಸ್ಪೀಕರ್ ಹೇಳಿತು: "ಶ್ರೀಮತಿ ಗೌರಿಯವರೇ, ದಯವಿಟ್ಟು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ."

ಡಾಕ್ಟರು ನಗು ತಡೆದುಕೊಂಡು ಹಸು ನೋಡಿದರು. ಅಜೀರ್ಣ ಅಷ್ಟೆ, ಔಷಧಿ ಹಾಕಿದರೆ ಸಂಜೆಗೆ ಮೇವು ಮುಟ್ಟುತ್ತೆ ಅಂದರು. ಹೆಂಗಸಿಗೆ ಹೋದ ಜೀವ ಬಂತು. ನಾನು ಕ್ಷಮೆ ಕೇಳಿ, ಈಗಲೇ ತೆಗೀತೀನಿ ಅಂದೆ.

"ತೆಗೀಬೇಡಿ ಸಾರ್" ಅಂದಳು ಅವಳು. "ಇವರು ಕಲೀಲಿ. ಮದುವೆ ಆದಾಗಿಂದ ನನ್ನ 'ಲೇ' ಅಂತಾನೆ ಕರೀತಾರೆ. ಹಸೂಗೆ ಸಿಕ್ಕ ಮರ್ಯಾದೆ ನಂಗಿಲ್ಲ."

ಗಂಡ ಗಂಟಲು ಸರಿಮಾಡಿಕೊಂಡು, ಎಲ್ಲರೆದುರು ಹೇಳಿದ:

"ಹಗ್ಗ ಹಿಡ್ಕೊಳ್ಳಿ, ಶ್ರೀಮತಿಯವರೇ."

ತಿರುಗಿ ನೋಡಿದ್ದು ಗೌರಿ.